ಕಾಫಿ ಕರಾರಿನ ದಾವೆಯಲ್ಲಿ ತೀರ್ಪು ನಮ್ಮ ವಿರುದ್ಧ ಬಂದಿದೆ, ಅಪೀಲು ಹಾಕುವುದು ಹೇಗೆ?

ಗೋಣಿಕೊಪ್ಪದ ವ್ಯಾಪಾರಿಗೆ ಒಪ್ಪಿದ ದಿನಕ್ಕೆ 200 ಚೀಲ ರೋಬಸ್ಟಾ ಚೆರಿ (ಹಣ್ಣಿನ ಸಮೇತ ಒಣಗಿಸಿದ ಕಾಫಿ) ಕೊಡಲಿಲ್ಲವೆಂದು ನಿಮ್ಮ ಮೇಲೆ 4 ಲಕ್ಷಕ್ಕೆ ಡಿಕ್ರಿ (ತೀರ್ಪಿನಂತೆ ಹೊರಡುವ ಕೋರ್ಟಿನ ಆದೇಶ) ಆಗಿದೆ, ಅಪೀಲಿಗೆ ದಾರಿಯಿದೆಯೇ ಎಂದು ಕೇಳಿದ್ದೀರಿ. ಇದೆ. ಆದರೆ ವಾದದ ಯೋಚನೆಗೂ ಮೊದಲು ಇವತ್ತೇ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಅರ್ಜಿ ಕೊಟ್ಟಲ್ಲಿಂದ ನಕಲು ಸಿದ್ಧವಾಗುವವರೆಗಿನ ದಿನಗಳನ್ನು ವಾಯಿದೆಯಿಂದ, ಅಂದರೆ ಅಪೀಲು ಹಾಕಲು ಇರುವ ಗಡುವಿನಿಂದ, ಕಳೆಯುತ್ತಾರೆ. ಅರ್ಜಿ ಕೊಡದೆ ಸುಮ್ಮನೆ ಕೂತ ದಿನಗಳನ್ನು ಕಳೆಯುವುದಿಲ್ಲ, ಸಿದ್ಧವಾದ ನಕಲನ್ನು ತಡವಾಗಿ ಒಯ್ದರೆ ಆ ದಿನಗಳನ್ನೂ ಇಲ್ಲ.

ವಾಯಿದೆ ಎಷ್ಟು ಎಂಬುದು ದಾವೆಯ ಬಗೆಯ ಮೇಲಿದೆ. ಸರಕು ಮಾರಾಟದ ಕರಾರು, ಮೌಲ್ಯ 3 ಲಕ್ಷ ಅಥವಾ ಮೇಲ್ಪಟ್ಟಿದ್ದರೆ ಅದು ವಾಣಿಜ್ಯ ವಿವಾದ. ವಾಣಿಜ್ಯ ನ್ಯಾಯಾಲಯದ ತೀರ್ಪಿಗೆ 60 ದಿನ. ಸಾಮಾನ್ಯ ದಾವೆಯಾಗಿ ನಡೆದಿದ್ದರೆ ಮಡಿಕೇರಿಯ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಬೆಂಗಳೂರಿನ ಹೈಕೋರ್ಟಿಗೆ 90 ದಿನ. ಎಲ್ಲಿಗೆ ಹೋಗಬೇಕು ಎಂಬುದು ತೀರ್ಪು ಕೊಟ್ಟ ನ್ಯಾಯಾಧೀಶರ ದರ್ಜೆ ಮತ್ತು ದಾವೆಯ ಮೌಲ್ಯ ನೋಡಿ ನಿಮ್ಮ ವಕೀಲರು ಹೇಳುತ್ತಾರೆ. ವಾಣಿಜ್ಯ ಅಪೀಲಿನಲ್ಲಿ ವಿಳಂಬ ಮನ್ನಾ ಆಗುವುದು ಅಪರೂಪ. 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ.

ಇನ್ನು ತೀರ್ಪಿನಲ್ಲಿ ಪರಿಹಾರದ ಲೆಕ್ಕವಿರುವ ಪುಟವನ್ನು ಪೆನ್ಸಿಲ್ ಹಿಡಿದು ಓದಿ. ಸರಕು ಕೊಡದಿದ್ದಾಗಿನ ಪರಿಹಾರವೆಂದರೆ ಸಾಮಾನ್ಯವಾಗಿ ಕರಾರಿನ ದರಕ್ಕೂ ಕೊಡಬೇಕಾಗಿದ್ದ ದಿನದ ಮಾರುಕಟ್ಟೆ ದರಕ್ಕೂ ಇರುವ ವ್ಯತ್ಯಾಸ. ಉದಾಹರಣೆಗೆ ಕರಾರು ಚೀಲಕ್ಕೆ 9,000, ಆ ದಿನದ ದರ 9,800 ಇದ್ದರೆ 200 ಚೀಲಕ್ಕೆ 1,60,000 ಆಗಬೇಕು. ದಾವೆ ಹೂಡಿದ ದಿನದ 11,000 ಹಿಡಿದಿದ್ದರೆ 4,00,000 ಆಗುತ್ತದೆ. ಇಂಥ ತಪ್ಪು ಸಿಕ್ಕರೆ ಅಪೀಲಿಗೆ ಗಟ್ಟಿ ನೆಲೆ ಸಿಕ್ಕಿತೆಂದೇ ಲೆಕ್ಕ. ಆಗ ಹೆಚ್ಚುವರಿ 2,40,000ಕ್ಕೆ ಮಾತ್ರ ಅಪೀಲು ಹಾಕಬಹುದು, ಕೋರ್ಟ್ ಶುಲ್ಕವೂ ಅಷ್ಟರ ಮೇಲೆಯೇ. ಉಳಿದದ್ದನ್ನು ಕಟ್ಟಲೇಬೇಕು. "ನ್ಯಾಯಾಧೀಶರು ನಮ್ಮ ಮಾತು ಕೇಳಲಿಲ್ಲ" ಎಂಬ ಸಾಮಾನ್ಯ ದೂರಿನಿಂದ ಏನೂ ಆಗದು. ಯಾವ ವಿವಾದಾಂಶ (ಕೋರ್ಟ್ ತೀರ್ಮಾನಿಸಬೇಕಿದ್ದ ಪ್ರಶ್ನೆ), ಯಾವ ನಿಶಾನೆ (ಸಾಕ್ಷ್ಯವಾಗಿ ಗುರುತಿಸಿದ ದಾಖಲೆ), ಪಾಟಿ ಸವಾಲಿನ (ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು) ಯಾವ ಉತ್ತರವನ್ನು ಬಿಟ್ಟಿದ್ದಾರೆ ಎಂದು ಬರೆಯಬೇಕು.

ಮನೆಯಲ್ಲೇ ಇದ್ದ ತೂಕದ ಚೀಟಿಯನ್ನೋ ವಾಟ್ಸಾಪ್ ಸಂದೇಶವನ್ನೋ ಈಗ ಹೊಸದಾಗಿ ಕೊಡುತ್ತೇನೆ ಎಂದರೆ ಒಪ್ಪುವುದು ಕಷ್ಟ. ಕೆಳಗಿನ ಕೋರ್ಟ್ ತಪ್ಪಾಗಿ ನಿರಾಕರಿಸಿತ್ತು, ಅಥವಾ ಎಷ್ಟು ಹುಡುಕಿದರೂ ಆಗ ಸಿಕ್ಕಿರಲಿಲ್ಲ ಎಂದು ತೋರಿಸಬೇಕಾಗುತ್ತದೆ.

ಬಹಳ ಜನ ಎಡವುವುದು ಇಲ್ಲಿ: ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಎದುರಿನವರು ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ) ಹಾಕಿ ನಿಮ್ಮ ಬ್ಯಾಂಕ್ ಖಾತೆಯನ್ನೋ ಗೋದಾಮಿನ ಕಾಫಿಯನ್ನೋ ಜಪ್ತಿ ಮಾಡಿಸಬಹುದು. ಅಪೀಲಿನ ಜೊತೆಗೇ ತಡೆಯಾಜ್ಞೆಯ ಅರ್ಜಿ ಇರಲಿ. ಹಣದ ಡಿಕ್ರಿಯಾದ್ದರಿಂದ ಠೇವಣಿ ಅಥವಾ ಭದ್ರತೆ ಕೇಳುತ್ತಾರೆ, ಹಣ ಹೊಂದಿಸಿಕೊಂಡಿರಿ. ಅಪೀಲು ಸಿದ್ಧವಾಗುವುದು ತಡವಾದರೆ, ವಾಯಿದೆ ಮುಗಿಯುವ ಮೊದಲು ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ತಾತ್ಕಾಲಿಕ ತಡೆ ಕೇಳಬಹುದು.