ಡ್ರಾಫುಲ್ 2: ಚಿತ್ರ ಬಿಡಿಸಲು ಬಾರದವರ ಮನೆಗೆ ಸರಿಹೊಂದುತ್ತದೆಯೇ?

"ನಮ್ಮ ಮನೆಯಲ್ಲಿ ಯಾರಿಗೂ ನೆಟ್ಟಗೆ ಒಂದು ಗೆರೆ ಎಳೆಯಲು ಬರುವುದಿಲ್ಲ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಆಡಲು ಡ್ರಾಫುಲ್ 2 ಕೊಂಡರೆ ದುಡ್ಡು ದಂಡವಾಗುತ್ತದೆಯೇ? ಅತ್ತೆಯವರೂ ಎಂಟು ವರ್ಷದ ಮಗನೂ ಆಡಬಹುದೇ?" ಎಂದು ಕೇಳಿದ್ದೀರಿ.

ದಂಡವಾಗುವುದಿಲ್ಲ. ಮನೆ ತುಂಬ ಕಲಾವಿದರೇ ಇದ್ದಿದ್ದರೆ ಯೋಚಿಸಿ ಎನ್ನುತ್ತಿದ್ದೆ.

ಇದು ಚಿತ್ರ ಬಿಡಿಸಿ, ಸುಳ್ಳು ಕಟ್ಟಿ ಆಡುವ ವಿಡಿಯೊ ಗೇಮ್. ಮಾಡಿದ್ದು ಅಮೆರಿಕದ ಶಿಕಾಗೋದಲ್ಲಿರುವ ಜಾಕ್‌ಬಾಕ್ಸ್ ಗೇಮ್ಸ್ ಕಂಪನಿ. ಮೊದಲ ಡ್ರಾಫುಲ್ 2014ರಲ್ಲಿ ಅವರದೇ ಹಲವು ಆಟಗಳ ಕಟ್ಟಾದ ಪಾರ್ಟಿ ಪ್ಯಾಕ್‌ನಲ್ಲಿ ಬಂತು, ಎರಡನೆಯದು 2016ರಲ್ಲಿ ಬಿಡಿಯಾಗಿ. ಒಬ್ಬರು ಕೊಂಡರೆ ಸಾಕು. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಆಟ ಶುರು ಮಾಡಿದರೆ ಪರದೆಯ ಮೇಲೆ ನಾಲ್ಕಕ್ಷರದ ಕೋಡ್ ಬರುತ್ತದೆ. ಉಳಿದವರು ತಂತಮ್ಮ ಮೊಬೈಲಿನ ಬ್ರೌಸರ್‌ನಲ್ಲಿ ಅದನ್ನು ಹಾಕಿ ಸೇರಿಕೊಳ್ಳುತ್ತಾರೆ. ಆ್ಯಪ್ ಇಳಿಸಿಕೊಳ್ಳುವ ತಾಪತ್ರಯವಿಲ್ಲ, ಇಂಟರ್ನೆಟ್ ಮಾತ್ರ ಬೇಕೇ ಬೇಕು. ಆಡಲು ಕನಿಷ್ಠ ಮೂವರು, ಹೆಚ್ಚೆಂದರೆ ಎಂಟು ಮಂದಿ.

ಮೊದಲು ಎಲ್ಲರೂ ತಮ್ಮ ತಮ್ಮ ಮುಖ ಬಿಡಿಸಬೇಕು. ಅಲ್ಲಿಗೆ ನಿಮ್ಮ ಮನೆಯವರ ಸಂಕೋಚ ಅರ್ಧ ಇಳಿದಿರುತ್ತದೆ. ಆಮೇಲೆ ಒಬ್ಬೊಬ್ಬರಿಗೂ ಗುಟ್ಟಾಗಿ ಒಂದು ವಿಚಿತ್ರ ಶೀರ್ಷಿಕೆ ಬರುತ್ತದೆ, "ಟ್ರಾಂಬೋನ್‌ನಿಂದ ಸಾವು" ಎಂಬಂಥದ್ದು. ಅದನ್ನು ಬೆರಳಿನಲ್ಲಿ, ಎರಡೇ ಬಣ್ಣದಲ್ಲಿ, ಹೊತ್ತು ಮುಗಿಯುವುದರೊಳಗೆ ಬಿಡಿಸಬೇಕು. ರವಿವರ್ಮನೇ ಎದ್ದು ಬಂದರೂ ಇಷ್ಟರಲ್ಲಿ ಹೆಚ್ಚೇನೂ ಕಿಸಿಯಲಾರ.

ನಿಜವಾದ ಆಟ ಶುರುವಾಗುವುದು ಇಲ್ಲಿಂದ. ಚಿತ್ರ ಟಿವಿಯಲ್ಲಿ ಮೂಡಿದಾಗ ಬಿಡಿಸಿದವರು ಬಾಯಿ ಮುಚ್ಚಿಕೊಂಡಿರಬೇಕು. ಉಳಿದವರೆಲ್ಲ ಅದಕ್ಕೊಂದು ಸುಳ್ಳು ಶೀರ್ಷಿಕೆ ಕಟ್ಟಿ ಕಳಿಸುತ್ತಾರೆ. ಈ ಸುಳ್ಳುಗಳ ನಡುವೆ ಅಸಲಿಯೂ ಸೇರಿಕೊಂಡು ಪಟ್ಟಿ ಬರುತ್ತದೆ, ಯಾವುದು ನಿಜವೆಂದು ಆರಿಸಬೇಕು. ಸರಿಯಾಗಿ ಆರಿಸಿದವರಿಗೂ ಚಿತ್ರ ಬಿಡಿಸಿದವರಿಗೂ ಅಂಕ. ನಿಮ್ಮ ಸುಳ್ಳಿಗೆ ಯಾರಾದರೂ ಬಿದ್ದರೆ ನಿಮಗೂ ಅಂಕ. ಚಿತ್ರ ತೀರಾ ಸ್ಪಷ್ಟವಾಗಿದ್ದರೆ ಎಲ್ಲರೂ ಒಂದೇ ಏಟಿಗೆ ಹೇಳಿಬಿಡುತ್ತಾರೆ, ಸುಳ್ಳಿಗೆ ಜಾಗವೇ ಇರುವುದಿಲ್ಲ, ಸುತ್ತು ಸಪ್ಪೆಯಾಗುತ್ತದೆ. ಆಲೂಗಡ್ಡೆಗೆ ಕಾಲು ಬಂದಂತಿರುವ ಚಿತ್ರವಾದರೆ ಒಬ್ಬರು "ಗರ್ಭಿಣಿ ಜಿರಳೆ" ಎನ್ನುತ್ತಾರೆ, ಇನ್ನೊಬ್ಬರು "ಮಾವನ ಬೆಳಗಿನ ಯೋಗ" ಎನ್ನುತ್ತಾರೆ. ಅದು ಆನೆಯಾಗಿತ್ತು ಎಂದು ಗೊತ್ತಾದಾಗ ಏಳುವ ಗಲಾಟೆಗೇ ಈ ಆಟ ಕೊಳ್ಳಬೇಕು. ಚಿತ್ರಕ್ಕಿಂತ ಇಲ್ಲಿ ಬಾಯಿಯ ಚುರುಕಿಗೆ ಬೆಲೆ, ಹಾಗಾಗಿ ಗೆಲ್ಲುವುದು ಹೆಚ್ಚಾಗಿ ಮನೆಯ ವಾಚಾಳಿಯೇ.

ಇನ್ನು ನಿಮ್ಮ ಅತ್ತೆಯವರ ವಿಷಯ. ನಿಜವಾದ ತೊಡಕು ಇಲ್ಲಿದೆ. ಶೀರ್ಷಿಕೆಗಳು ಕನ್ನಡದಲ್ಲಿಲ್ಲ, ಇಂಗ್ಲಿಷಿನವುಗಳಲ್ಲಿ ಹಲವು ಅಮೆರಿಕದ ಊಟ, ಆಟ, ಹಬ್ಬಗಳಿಗೆ ಅಂಟಿಕೊಂಡವು. ಇಂಗ್ಲಿಷ್ ಓದುವವರಿಗೂ ಕೆಲವು ತಲೆಗೆ ಹೋಗುವುದಿಲ್ಲ. ಆದರೆ ಡ್ರಾಫುಲ್ 2ರಲ್ಲಿ ಶೀರ್ಷಿಕೆಗಳನ್ನು ನಾವೇ ಬರೆದು ಸೇರಿಸಿಕೊಳ್ಳಬಹುದು. ನಾವು ವಾಟ್ಸಾಪ್‌ನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ತುಂಬಿಸುತ್ತೇವೆ: "ಗಣೇಶನ ಇಲಿಗೆ ರಜೆ", "ಮಜ್ಜಿಗೆಯಲ್ಲಿ ಈಜುವ ಹಪ್ಪಳ", "ಜಾತ್ರೆಯಲ್ಲಿ ಕಳೆದುಹೋದ ಚಿಕ್ಕಪ್ಪ". ಹಬ್ಬಕ್ಕೆ ಮೊದಲೇ ಒಂದು ಸಂಜೆ ಕೂತು ಇಂಥವನ್ನು ಬರೆದಿಟ್ಟುಕೊಳ್ಳಿ. ಬರೆದವರಿಗೆ ಉತ್ತರ ಗೊತ್ತಿರುತ್ತದೆಯಲ್ಲ, ಆದ್ದರಿಂದ ಅವರು ಆ ಸುತ್ತಿನಲ್ಲಿ ಆಡದೆ ಚಹಾ ಮಾಡಿಕೊಂಡು ಬರಲಿ.

ಮಗನನ್ನೂ ಅತ್ತೆಯವರನ್ನೂ ಒಂದೇ ಮೊಬೈಲಿಗೆ ಜೋಡಿ ಮಾಡಿ. ಅವನು ಬಿಡಿಸಲಿ, ಟೈಪ್ ಮಾಡಲಿ. ಸುಳ್ಳು ಅವರು ಕಟ್ಟಲಿ. ಗಾದೆ ಒಗಟುಗಳಲ್ಲಿ ಬೆಳೆದವರನ್ನು ಈ ಕೆಲಸದಲ್ಲಿ ಮೀರಿಸುವುದು ಕಷ್ಟ.

ಮಕ್ಕಳಿರುವುದರಿಂದ ಒಂದು ಎಚ್ಚರಿಕೆ. ಸೆಟ್ಟಿಂಗ್ಸ್‌ನಲ್ಲಿ ಕುಟುಂಬಕ್ಕೆ ಹೊಂದುವ ಶೀರ್ಷಿಕೆಗಳನ್ನಷ್ಟೇ ತೋರಿಸುವ ಆಯ್ಕೆಯಿದೆ, ಅದನ್ನು ಆನ್ ಮಾಡಿಕೊಳ್ಳಿ. ಅದು ಆಟದವರು ಬರೆದ ಶೀರ್ಷಿಕೆಗಳನ್ನು ಮಾತ್ರ ಜರಡಿ ಹಿಡಿಯುತ್ತದೆ. ನಿಮ್ಮ ಭಾವಮೈದುನ ಬರೆಯುವ ಸುಳ್ಳು ಆ ಜರಡಿಗೆ ಸಿಗುವುದಿಲ್ಲ, ಅವರಿಗೆ ನೀವೇ ಮೊದಲೇ ಹೇಳಿಡಬೇಕು.

ಎಂಟಕ್ಕಿಂತ ಹೆಚ್ಚು ಜನ ಬಂದರೆ ಉಳಿದವರು ಅದೇ ಕೋಡ್ ಹಾಕಿ ಪ್ರೇಕ್ಷಕರಾಗಿ ಸೇರಬಹುದು. ಚಿತ್ರದ ಆಟವೊಂದೇ ಸಾಕು ಎನ್ನುವುದಾದರೆ ಡ್ರಾಫುಲ್ 2 ಕೊಳ್ಳಿ. ಬೇರೆ ಆಟಗಳೂ ಜೊತೆಗಿರಲಿ ಎಂದರೆ ಮೊದಲ ಪಾರ್ಟಿ ಪ್ಯಾಕ್ ನೋಡಬಹುದು. ಎರಡೂ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಿಗುತ್ತವೆ. ಅವಸರವಿಲ್ಲದಿದ್ದರೆ ರಿಯಾಯಿತಿ ಮಾರಾಟದವರೆಗೆ ಕಾಯಿರಿ.