ಠರಾವು ಓದದೆ ಸಹಿ ಹಾಕಬೇಡಿ

ಸೇಡಂ ತಾಲ್ಲೂಕಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯೊಬ್ಬರ ಪತ್ರ: ‘ನಮ್ಮ ಶಾಲೆಯ ಪರಸಿಕಲ್ಲಿನ ಮಾಳಿಗೆ ಸೋರುತ್ತದೆ. ಮಳೆ ಬಂದರೆ ಎರಡು ಕ್ಲಾಸಿನ ಮಕ್ಕಳನ್ನು ಒಂದೇ ಮೂಲೆಗೆ ಕೂಡಿಸುತ್ತಾರೆ. ಕೇಳಿದರೆ ಅನುದಾನ ಇಲ್ಲ ಅನ್ನುತ್ತಾರೆ. ನಮ್ಮ ಸಹಿಗೆ ಬೆಲೆ ಇದೆಯೇ?’

ಇದೆ, ತಾಯಿ. ಹಾಗಂತ ನಿಮ್ಮ ಮುಖ್ಯಗುರುಗಳ ಮಾತೂ ಸುಳ್ಳಲ್ಲ. ಶಾಲೆಗಳಿಗೆ ಅನುದಾನ ಕೊಡುವ ‘ಸಮಗ್ರ ಶಿಕ್ಷಣ’ ಯೋಜನೆಯ ಲೆಕ್ಕದಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ, 250 ಮಕ್ಕಳವರೆಗೆ 50,000. ಕರೆಂಟ್ ಬಿಲ್ಲು, ಸೀಮೆಸುಣ್ಣ, ರಿಜಿಸ್ಟರು, ಸಣ್ಣಪುಟ್ಟ ರಿಪೇರಿ ಎಲ್ಲ ಅದರಲ್ಲೇ. ಹತ್ತರಲ್ಲಿ ಒಂದು ಪಾಲು ಸ್ವಚ್ಛತೆಗೇ ಹೋಗಬೇಕು. ಮಾಳಿಗೆ ಇದರಲ್ಲಿ ಆಗುವ ಕೆಲಸವಲ್ಲ. ಆ ದುಡ್ಡು ಜಿಲ್ಲಾ ಪಂಚಾಯಿತಿಯಿಂದಲೋ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಂ ಬಂದ ಮೇಲೆ ಕಲಬುರಗಿಯಲ್ಲೇ ಕೂತಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದಲೋ ಬರಬೇಕು.

ಅಲ್ಲಿಗೆ ಬೇಡಿಕೆ ಹೊರಡುವುದು ನಿಮ್ಮ ಠರಾವಿನಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರೇ, ಅರ್ಧ ಹೆಣ್ಣುಮಕ್ಕಳೇ ಇರಬೇಕು. ಅನುದಾನದ ಖರ್ಚಿನ ಮೇಲೆ ಕಣ್ಣಿಡುವುದೂ ಅವರದೇ ಕೆಲಸ. 22ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ಸಮಿತಿ ಬರೆದ ಶಾಲಾಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವಾಗಬೇಕು.

ನನಗೆ ಸಂಕಟವಾಗುವುದು ಇಲ್ಲಿಯೇ. ಶಾಲೆಯೊಂದರಲ್ಲಿ ಠರಾವು ಪುಸ್ತಕ ತೆರೆದು ನೋಡಿದ್ದೆ. ಇಡೀ ವರ್ಷದ ಸಭೆಗಳು ಒಂದೇ ಕೈಬರಹ, ಒಂದೇ ಪೆನ್ನು. ಹೆಬ್ಬೆಟ್ಟಿನ ಗುರುತುಗಳೆಲ್ಲ ಒಂದೇ ದಿನ ಒತ್ತಿಸಿದಂತೆ ಒಂದೇ ಹದದ ಶಾಯಿ. ಆ ತಾಯಂದಿರಿಗೆ ಯಾರೂ ಒಂದು ಸಾಲನ್ನೂ ಓದಿ ಹೇಳಿರಲಿಲ್ಲ.

ನೀವು ಹಾಗಾಗಗೊಡಬೇಡಿ. ‘ಮಾಳಿಗೆ ಸೋರುತ್ತದೆ’ ಅಂತ ಬರೆದರೆ ಕಾಗದ ಕಚೇರಿಯಲ್ಲೇ ಉಳಿಯುತ್ತದೆ. ಯಾವ ಕೋಣೆ, ಎಷ್ಟು ಪರಸಿ ಒಡೆದಿವೆ, ಯಾವ ಸಂದಿನಿಂದ ನೀರು ಇಳಿಯುತ್ತದೆ, ಅಲ್ಲಿ ಎಷ್ಟು ಮಕ್ಕಳು ಕೂಡುತ್ತಾರೆ, ಎಲ್ಲ ಎಣಿಸಿ ಬರೆಸಿ. ಫೋಟೋ ಹಚ್ಚಿ. ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಇನ್ನೊಂದು ಗ್ರಾಮ ಪಂಚಾಯಿತಿಗೆ. ಎರಡೂ ಕಡೆ ತಾರೀಖು, ಸಿಕ್ಕೆ ಇರುವ ಸ್ವೀಕೃತಿ ಪಡೆಯದೆ ಬರಬೇಡಿ. ಮಕ್ಕಳ ಗ್ರಾಮಸಭೆಯಲ್ಲೂ ಇದೇ ವಿಷಯ ಎತ್ತಿಸಿ.

ತೊಗರಿ ರಾಶಿ ಅಂತ ಸಭೆ ಮುಂದೂಡುವುದು ನಮ್ಮ ಕಡೆ ರೂಢಿ. ಆದರೆ ಮುಂದಿನ ವರ್ಷದ ಯೋಜನೆ ಕಟ್ಟುವುದೂ ಆ ದಿನಗಳಲ್ಲೇ. ಸಭೆಯನ್ನು ಸಂಜೆ, ನೀವೆಲ್ಲ ಹೊಲದಿಂದ ಬಂದ ಮೇಲೆ ಇಡಿರೆಂದು ಮುಖ್ಯಗುರುಗಳನ್ನು ಈಗಲೇ ಕೇಳಿ.

– ಸಂಪಾದಕ