ಮಧುನಾಶಿನಿ ಅಗಿದ ಬಾಯಿಗೆ ಸಕ್ಕರೆಯೂ ಮರಳು

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಾವನವರಿಗೆ 64 ವರ್ಷ, ಶುಗರ್ ಬಂದು ಹನ್ನೊಂದು ವರ್ಷವಾಯಿತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ನಡೆಯುತ್ತಿದೆ. ಸಂತೆಯಲ್ಲಿ ಯಾರೋ ಹೇಳಿದರೆಂದು ಒಂದು ತಿಂಗಳಿಂದ ಖಾಲಿ ಹೊಟ್ಟೆಗೆ ಒಂದು ಚಮಚ ಮಧುನಾಶಿನಿ ಪುಡಿ, ಅದರ ಮೇಲೆ ಹಾಗಲಕಾಯಿ ರಸ. ಕಳೆದ ವಾರ ತೋಟಕ್ಕೆ ಹೋದವರು ಮೈಯೆಲ್ಲ ಬೆವೆತು, ಕೈ ನಡುಗಿ, ಅಡಿಕೆ ಮರಕ್ಕೆ ಒರಗಿ ಕೂತುಬಿಟ್ಟಿದ್ದರು. ಮನೆಯ ಮೆಷಿನ್ 58 ತೋರಿಸಿತು. “ಸೊಪ್ಪು ಕೆಲ್ಸ ಮಾಡ್ತಿದೆ ನೋಡು, ಇನ್ನು ಮಾತ್ರೆ ಬೇಡ” ಅನ್ನುತ್ತಾರೆ. — ಹೆಸರು ಬೇಡ, ಸಾಗರ

ಉತ್ತರ: ನಿಮ್ಮ ಮಾವನವರ ಮಾತಿನಲ್ಲಿ ಅರ್ಧ ನಿಜವಿದೆ, ತೊಂದರೆಯಾಗಿರುವುದೂ ಅದರಿಂದಲೇ. ಮಧುನಾಶಿನಿ ಸುಳ್ಳು ಗಿಡವಲ್ಲ. ನಮ್ಮಜ್ಜಿ ಹಿತ್ತಲ ಬೇಲಿಯಿಂದ ಎರಡೆಲೆ ಕಿತ್ತು ನನಗೆ ಅಗಿಯಲು ಕೊಟ್ಟು, ಮೇಲೆ ಬೆಲ್ಲದ ಚೂರು ಬಾಯಿಗಿಟ್ಟಿದ್ದರು. ಮಣ್ಣು ತಿಂದ ಹಾಗಾಯಿತು. ಆ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ತಿಳಿಯುವ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ. 1990ರಲ್ಲಿ ಮದ್ರಾಸಿನ ಸಂಶೋಧಕರು ಮಾತ್ರೆ ನುಂಗುತ್ತಿದ್ದ 22 ಜನರಿಗೆ ಈ ಎಲೆಯ ಸಾರವನ್ನು ದಿನಕ್ಕೆ 400 ಮಿಲಿಗ್ರಾಂನಂತೆ ಒಂದೂವರೆ ವರ್ಷಕ್ಕೂ ಮೀರಿ ಕೊಟ್ಟರು. ಐದು ಜನ ಮಾತ್ರೆ ಬಿಟ್ಟರು. ಸಂತೆಯವರು ಹೇಳುವುದು ಈ ಐವರ ಕಥೆಯನ್ನು. ಉಳಿದ ಹದಿನೇಳು ಜನ ಬಿಡಲಿಲ್ಲ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಸಾರವನ್ನು ತೂಗಿ ಕೊಟ್ಟಿದ್ದರು, ರಕ್ತ ನೋಡುತ್ತಿದ್ದರು. ನಿಮ್ಮ ಮನೆಯ ಚಮಚದಲ್ಲಿ ಎಷ್ಟಿದೆ ಎಂದು ಪುಡಿ ಕುಟ್ಟಿದವನಿಗೂ ಗೊತ್ತಿರಲಿಕ್ಕಿಲ್ಲ.

58 ಬಂದದ್ದು ಗೆಲುವಲ್ಲ, ಅಪಾಯ. 70ಕ್ಕಿಂತ ಕೆಳಗಿಳಿದರೆ ಲೋ ಶುಗರ್ ಎನ್ನುತ್ತೇವೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಅದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ತೆಗೆಸುವ ಮಾತ್ರೆ. ಅದರ ಮೇಲೆ ಪುಡಿ, ರಸ ಎರಡೂ ಸೇರಿದವು. ಅವತ್ತು ಮಾತ್ರೆ ನುಂಗಿ, ತಿಂಡಿ ತಿನ್ನದೆ ತೋಟಕ್ಕೆ ಹೋಗಿದ್ದರಾ ಕೇಳಿ. “ಒಂದು ಸುತ್ತು ಹಾಕಿ ಬಂದು ತಿಂತೀನಿ” ಅನ್ನುವ ಗಂಡಸರು ನಮ್ಮ ಕಡೆ ಮನೆಗೊಬ್ಬರಿದ್ದಾರೆ.

ಪುಡಿ, ರಸ ಇವತ್ತೇ ನಿಲ್ಲಿಸಿ. ಮಾತ್ರೆಯನ್ನು ಅವರೇ ಬಿಡುವುದು ಬೇಡ, ಆದರೆ ಗ್ಲಿಮೆಪಿರೈಡ್ ಎಷ್ಟಿರಬೇಕೆಂದು ನಿಮ್ಮ ವೈದ್ಯರನ್ನು ತಡಮಾಡದೆ ಕೇಳಿ. ಪುಡಿಯ ಪ್ಯಾಕೆಟ್ಟನ್ನೂ ಕೊಂಡೊಯ್ಯಿರಿ. “ಗಿಡಮೂಲಿಕೆ” ಎಂಬ ಚೀಟಿಯ ಕೆಳಗೆ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿದ ಪುಡಿಗಳು ಸಿಕ್ಕಿಬಿದ್ದದ್ದುಂಟು. ಮತ್ತೆ ಬೆವರಿ ನಡುಗಿದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಲೆ ಅಗಿದಿದ್ದರೆ ಸಪ್ಪೆ ಎಂದು ಉಗಿಯಲು ನೋಡಿಯಾರು, ಬಿಡಬೇಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ಸೊಪ್ಪೇ ಮೇಲು ಎಂದು ಹಟ ಹಿಡಿದರೆ ಅವರಿಗೊಂದು ಸಂಗತಿ ಹೇಳಿ: ಮೆಟ್‌ಫಾರ್ಮಿನ್ನಿನ ಮೂಲವೂ ಗಿಡವೇ. ಯುರೋಪಿನಲ್ಲಿ ಗಲೀಗಾ ಎಂಬ ಗಿಡವನ್ನು ಅತಿಮೂತ್ರಕ್ಕೆ ಕೊಡುತ್ತಿದ್ದರು. ಅದರೊಳಗಿನ ಅಂಶ ವಿಷಕಾರಿ ಎಂದು ಗೊತ್ತಾದ ಮೇಲೆ, ಅದಕ್ಕೆ ಹತ್ತಿರದ, ಆದರೆ ದೇಹ ತಾಳಿಕೊಳ್ಳುವ ವಸ್ತುವನ್ನು ತಯಾರಿಸಿದರು. 1957ರಲ್ಲಿ ಫ್ರಾನ್ಸಿನ ಜೀನ್ ಸ್ಟರ್ನ್ ಅದನ್ನು ಮಧುಮೇಹಕ್ಕೆ ಬಳಸಿ ವರದಿ ಮಾಡಿದರು. ಮಾವನವರು ದಿನಾ ನುಂಗುತ್ತಿರುವುದು ಅದನ್ನೇ.

ಪಲ್ಯಕ್ಕೆ ಹಾಗಲಕಾಯಿ, ದೋಸೆಗೆ ಮೆಂತ್ಯ ಧಾರಾಳವಾಗಿ ಹಾಕಿ. ನನ್ನ ತಕರಾರಿರುವುದು ಲೋಟಗಟ್ಟಲೆ ರಸಕ್ಕೆ.

ಪ್ರಶ್ನೆ: ಇನ್ಸುಲಿನ್ ಗಿಡದ ಎಲೆ ದಿನಕ್ಕೆರಡು ತಿಂದರೆ ಇಂಜೆಕ್ಷನ್ ಬಿಡಬಹುದೇ? — ಓದುಗರೊಬ್ಬರು, ಹಾಸನ

ಉತ್ತರ: ಬಿಡಬಾರದು. ಆ ಎಲೆ ಇನ್ಸುಲಿನ್ನಿನ ಬದಲಿಯಲ್ಲ. ಇನ್ಸುಲಿನ್ನನ್ನೇ ತಿಂದರೂ ಬೇಳೆಯ ಪ್ರೋಟೀನಿನಂತೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ, ಸೂಜಿಯಲ್ಲಿ ಕೊಡುವುದು ಅದಕ್ಕೇ. ಕಿತ್ತಳೆ ಬಣ್ಣದ ಹೂ ಚೆನ್ನಾಗಿರುತ್ತದೆ, ಗಿಡ ಅಂಗಳದಲ್ಲಿರಲಿ.